ಐದೈದು ಸಲ ಹೊಲಿದ ಪುಸ್ತಕಗಳು

ಅಮ್ಮಾ,

ನೀನು ಹೋಗಿ ಮೂರು ವರ್ಷವಾದ ಮೇಲೆ ನಿನಗೊಂದು ಸುದ್ದಿ ಹೇಳುತ್ತಿದ್ದೇನೆ. ನಮ್ಮ ಗ್ರಂಥಾಲಯದಿಂದ ತೆಗೆದುಹಾಕಬೇಕಾದ ಪುಸ್ತಕಗಳ ಪಟ್ಟಿ ಇವತ್ತು ಸಭೆಗೆ ಬಂತು. ನಿನ್ನ ಪತ್ತೇದಾರಿ ಕಾದಂಬರಿಗಳೆಲ್ಲ ಅದರಲ್ಲಿದ್ದವು.

"ಇವು ಬಸ್ಸಲ್ಲಿ ಓದಿ ಬಿಸಾಕೋ ಪುಸ್ತಕ. ಸಾಹಿತ್ಯ ಅಲ್ಲ" ಎಂದರು ಅಧ್ಯಕ್ಷರು.

ಪುಸ್ತಕಗಳನ್ನು ಹೊತ್ತು ತಂದಿದ್ದ ಬೈಂಡಿಂಗ್ ತಾತ ಸುಮ್ಮನಿರಲಿಲ್ಲ. "ಜನ ಓದೀ ಓದೀ ಹರಿದಿದ್ದನ್ನ ಐದೈದು ಸಲ ಹೊಲಿದಿದೀನಿ ಸ್ವಾಮಿ. ನಿಮ್ಮ ಸಾಹಿತ್ಯದ ಕಪಾಟಲ್ಲಿ ನನಗೆ ಕೆಲಸಾನೇ ಇಲ್ಲವಲ್ಲ!"

ಎಲ್ಲರೂ ನಕ್ಕರು. ನಾನು ಎದ್ದು ನಿಂತೆ. ಕೊಲೆಗಾರನನ್ನು ಹಿಡಿಯುವ ದಾರಿ ಹುಡುಕುತ್ತಾ ನೀನು ದಿನಾ ಒಲೆ ಮೇಲಿನ ಹಾಲು ಮರೆತು ಉಕ್ಕಿಸಿಬಿಡುತ್ತಿದ್ದುದನ್ನು ಹೇಳಿದೆ.

"ಇದೆಲ್ಲ ನಿಮಗೆ ಹೇಗೆ ಗೊತ್ತು?" ಎಂದರು ಅಧ್ಯಕ್ಷರು.

"ಬರೆದವರು ನಮ್ಮಮ್ಮ ಸರ್."

ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ಹೊರಗೆ ಓದುತ್ತಿದ್ದವರೂ ತಲೆಯೆತ್ತಿದರು. ಆದರೆ ಆಗೆಲ್ಲ, ಕಾಲೇಜಿನ ಗೆಳತಿಯರು ಮನೆಗೆ ಬಂದಾಗ, ನಿನ್ನೆದುರಿಗೇ, "ಅಮ್ಮ ಏನೂ ಮಾಡಲ್ಲ, ಮನೇಲೇ ಇರ್ತಾರೆ" ಎಂದಿದ್ದೆ. ನೀನು ನಗುತ್ತಲೇ ಅವರಿಗೆ ಕಾಫಿ ಕೊಟ್ಟಿದ್ದೆ.

ಪಟ್ಟಿಯಿಂದ ನಿನ್ನ ಪುಸ್ತಕಗಳ ಹೆಸರು ಹೊಡೆದುಹಾಕಿದರು. ಸಂಜೆ ನಿನ್ನ ಪುಸ್ತಕಗಳನ್ನು ಮಹಾಕವಿಗಳ ಪಕ್ಕದಲ್ಲೇ ಜೋಡಿಸುತ್ತಿದ್ದೆ. ಅಧ್ಯಕ್ಷರು ಬಂದು, "ಓದೋಕೆ ಯಾವುದರಿಂದ ಶುರು ಮಾಡಲಮ್ಮಾ?" ಎಂದು ಕೇಳಿದರು.

"ಗೊತ್ತಿಲ್ಲ ಸರ್" ಎಂದೆ. "ನಾನೂ ಇವತ್ತೇ ಶುರು ಮಾಡ್ತಿದೀನಿ."