ಶೇಡ್ ನೆಟ್‌ನ ಅಂಚು

ಏಪ್ರಿಲ್ 3, ಬೆಳಿಗ್ಗೆ

ನೀರು ಹಾಕಿ ಆಯಿತು. ಹಳೆಯ ಶೇಡ್ ನೆಟ್ ಮಧ್ಯಕ್ಕೇ ಹರಿದಿದೆ. ಕೆಳಗೆ ತಂಗಿಯ ಇನ್ನೂರು ಕಸಿ ಗಿಡ. ಕೈ ಸುಟ್ಟುಕೊಂಡ ಮೇಲೆ ಅವಳು ಮೊದಲ ಸಲ ಕಟ್ಟಿದ ಕಸಿ. ಎರಡು ಬೆರಳು ಮಡಚುವುದಿಲ್ಲ, ಆದರೂ ಒಂದನ್ನೂ ನನಗೆ ಬಿಡಲಿಲ್ಲ, ಹಟಮಾರಿ. ಈ ಬಿಸಿಲಿಗೆ ನೆರಳಿಲ್ಲದೆ ನಾಲ್ಕು ದಿನ ಉಳಿಯುವುದಿಲ್ಲ.

ಹೊಸ ನೆಟ್ ಅಳೆದು, ಕತ್ತರಿಯಲ್ಲಿ ಕತ್ತರಿಸಿದೆ. ಚಪ್ಪರಕ್ಕೆ ಸರಿಯಾಗಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅದೇ ದಿನ, ಸಂಜೆ

ಬೆನ್ನು ತಟ್ಟಿಕೊಂಡದ್ದು ಹೆಚ್ಚಾಯಿತು. ಅಂಚು ಮಡಚಿ ಹೊಲಿಯಲು ನಾಲ್ಕು ಬೆರಳಿನಷ್ಟು ಬಿಡಬೇಕಿತ್ತು — ಬಿಟ್ಟಿಲ್ಲ. ಈಗ ಮಡಚಿದರೆ ಎರಡೂ ಬದಿಯ ಸಾಲು ಬಿಸಿಲಿಗೆ. ಮಡಚದಿದ್ದರೆ ಎಳೆ ಒಂದೊಂದೇ ಬಿಚ್ಚಿಕೊಳ್ಳುತ್ತದೆ. ಸದ್ಯಕ್ಕೆ ಟೇಪ್ ಸುತ್ತಿ ಕಟ್ಟಿದ್ದೇನೆ.

ಏಪ್ರಿಲ್ 4

ಗಾಳಿ. ಟೇಪ್ ಕಿತ್ತುಬಂತು. ಹಗ್ಗ ಕಟ್ಟಿದ ಕಡೆಯೆಲ್ಲ ಅಂಚು ಪಿಸಿದು ಜೋತಾಡುತ್ತಿದೆ.

ಪಕ್ಕದ ಎಲೆಕ್ಟ್ರಿಷಿಯನ್ ಬೇಲಿಯಾಚೆಯಿಂದ: “ಅಕ್ಕಾ, ಪ್ಲಾಸ್ಟಿಕ್ ಎಳೆ ಅದು. ಅಂಚು ಕರಗಿಸಿದ್ರೆ ಕಚ್ಕೊಂಡ್ಬಿಡುತ್ತೆ. ಸಾಲ್ಡರಿಂಗ್ ಐರನ್ ಕೊಡ್ಲಾ?”

“ಬೇಡ!”

ಪಾಪ, ಮುಖ ಸಣ್ಣದು ಮಾಡಿಕೊಂಡ. ಅವನಿಗೇನು ಗೊತ್ತು. ಮೂರು ವರ್ಷದ ಹಿಂದೆ ಅಂಚು ಕರಗಿಸಲು ತಂಗಿಯ ಕೈಗೆ ಮೇಣದಬತ್ತಿ ಹಚ್ಚಿ ಕೊಟ್ಟವಳು ನಾನು. “ಇಷ್ಟಕ್ಕೆಲ್ಲ ಐರನ್ ಯಾಕೆ” ಅಂದವಳೂ ನಾನೇ. ನೆಟ್ ಹೊತ್ತಿಕೊಂಡಿತು. ಕರಗಿದ ಪ್ಲಾಸ್ಟಿಕ್ ಅವಳ ಕೈಗೆ ಅಂಟಿತು. ಆ ಮಾತನ್ನು ಅವಳು ಇವತ್ತಿಗೂ ಎತ್ತಿಲ್ಲ. ಎತ್ತಿ ಬೈದಿದ್ದರೆ ಹಗುರವಾಗುತ್ತಿತ್ತು.

ಏಪ್ರಿಲ್ 6, ಬೆಳಿಗ್ಗೆ 9

ನಿನ್ನೆಯಿಡೀ ಅಂಚನ್ನು ದಾರದಲ್ಲಿ ಹೊಲಿದೆ. ಹೊಲಿಗೆಯ ಜೊತೆ ಎಳೆಯೂ ಜಾರಿತು. ಬೆಡ್‌ಶೀಟ್ ಕಟ್ಟಿದೆ, ಸಾಲಲಿಲ್ಲ. ಹದಿನೆಂಟು ಗಿಡದ ಚಿಗುರು ಕಪ್ಪಾಗಿದೆ. ಎರಡೆರಡು ಸಲ ಎಣಿಸಿದೆ.

ತಂಗಿ ಬಂದಳು. ಗಿಡ ನೋಡಿದಳು. ನೆಟ್ ನೋಡಿದಳು.

“ಮಡಚೋಕೆ ಬಿಟ್ಟಿಲ್ವಾ? ಅಪ್ಪ ಟೈಲರ್, ಮಗಳು ನೋಡು!”

ನಗಲು ಹೋದೆ, ಆಗಲಿಲ್ಲ. ಅಷ್ಟರಲ್ಲಿ ಅವಳು ಬೇಲಿ ಹತ್ತಿರ ಹೋಗಿ ಐರನ್ ಇಸ್ಕೊಂಡು ಬಂದಳು. ನಾನು ಓಡಿ ಅಡ್ಡ ನಿಂತೆ.

“ನೀನು ಅದನ್ನ ಮುಟ್ಬೇಡ ಕಣೇ.”

“ಮುಟ್ಟಲ್ಲ. ನೀನು ಹಿಡಿ.”

“ನನ್ನಿಂದಾಗಲ್ಲ.”

“ಮೇಣದಬತ್ತಿ ಕೊಟ್ಟಿದ್ದು ನೀನೇ. ಮರೆತಿಲ್ಲ ಅಕ್ಕಾ. ಅದಕ್ಕೆ ಬೈಯಲ್ಲ. ಆದ್ರೆ ಈ ಗಿಡ ಹೋದ್ರೆ ಮಾತ್ರ ನಿನ್ನ ಬಿಡಲ್ಲ.”

ಮೂರು ವರ್ಷ ಕಾದಿದ್ದ ಮಾತು. ಅಳು ಬಂತು. ತಡೆದುಕೊಳ್ಳಲಿಲ್ಲ.

11 ಗಂಟೆ

ನೆಲದ ಮೇಲೆ ಟೈಲ್ಸ್ ಹಾಸಿ, ನೆಟ್ ಬಿಗಿಯಾಗಿ ಹರಡಿ, ಸ್ಟೀಲ್ ಪಟ್ಟಿ ಇಟ್ಟೆವು. ಪಕ್ಕದಲ್ಲಿ ಎರಡು ಬಕೆಟ್ ನೀರು. ಒಂದು ಸಾಕಿತ್ತು.

ಐರನ್ ತಾಗಿದೊಡನೆ ಅದೇ ವಾಸನೆ. “ಮೆಲ್ಲಗೆ ಎಳಿ, ನಿಲ್ಲಿಸ್ಬೇಡ” ಎಂದಳು. ಎಳೆದೆ. ಮೂರು ಬದಿ ಮುಗಿದಿದೆ. ಉಗುರಿನಲ್ಲಿ ಕೆರೆದರೂ ಒಂದು ಎಳೆ ಏಳುತ್ತಿಲ್ಲ.

ಐದು ನಿಮಿಷ ಬಿಡುವು ಕೇಳಿಕೊಂಡು ಇದನ್ನು ಬರೆಯುತ್ತಿದ್ದೇನೆ. ಕೊನೆಯ ಬದಿಯಲ್ಲಿ ನೆಟ್ ಜಾರುತ್ತಿದೆ, ಪಟ್ಟಿಯನ್ನು ಯಾರಾದರೂ ಒತ್ತಿ ಹಿಡಿಯಲೇಬೇಕು. ತಂಗಿಯೇ ಒತ್ತಿ ಕೂತಿದ್ದಾಳೆ, ಅದೇ ಸುಟ್ಟ ಕೈಯಲ್ಲಿ. ಎಡಗೈ ಇಡು ಅಂದೆ. “ಇದಕ್ಕೇ ಬಲ ಜಾಸ್ತಿ. ಬಾ, ಗಿಡ ಕಾಯಲ್ಲ.”

ಐರನ್ ಕಾದಿದೆ. ಅವಳ ಬೆರಳಿಗೂ ಐರನ್ ಎಳೆಯಬೇಕಾದ ಗೆರೆಗೂ ಒಂದು ಗೇಣೂ ಇಲ್ಲ. ನನ್ನ ಕಡೆ ನೋಡುತ್ತಲೂ ಇಲ್ಲ ಅವಳು, ಗಿಡ ನೋಡುತ್ತಿದ್ದಾಳೆ. ಪೆನ್ ಇಡುತ್ತೇನೆ. ಮೆಲ್ಲಗೆ, ನಿಲ್ಲಿಸದೆ—