ರಾಣಿಗೆ ಬಂದ ಮಿಷನ್ನು

ಐ.ಡಿ.ಹಳ್ಳಿ
೧೪-೭-೨೦೨೫, ಸೋಮವಾರ

ನನ್ನ ಮುದ್ದು ಹರ್ಷಿತಾ,

ನಿನ್ನ ಅಮ್ಮ ತಲೆ ನೇವರಿಸಿ ಮಾಡುವ ಆಶೀರ್ವಾದ. ಅಳಿಯಂದಿರಿಗೂ, ಪುಟ್ಟಿಗೂ, ನಿನ್ನ ಹೊಟ್ಟೆಯಲ್ಲಿರುವ ಕೂಸಿಗೂ ಸೇರಿಸಿ.

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಈ ಕಾಲದಲ್ಲಿ ಪಾವಗಡಕ್ಕೆ ಯಾರಮ್ಮ ಕಾಗದ ಬರೀತಾರೆ, ಫೋನಿಲ್ಲವಾ ಅಂತೀಯ. ಫೋನಿದೆ. ಆದರೆ ಯುಗಾದಿಯಿಂದ ಈಚೆಗೆ ಫೋನಿನಲ್ಲಿ ನೀನು ನನ್ನ ಜೊತೆ ಆಡುವ ಮಾತು ‘ಹೂಂ, ಊಟ ಆಯ್ತು, ತಗೋ ಪುಟ್ಟಿ ಜೊತೆ ಮಾತಾಡು’ ಅನ್ನುವಷ್ಟೇ. ಅವಳೋ ಪಕ್ಕದ ಮನೆಯವರಿಂದ ಕಲಿತ ತೆಲುಗಿನಲ್ಲಿ, ಅಮ್ಮಮ್ಮಾ ಎಪ್ಪುಡು ವಸ್ತಾವು ಅನ್ನುತ್ತಾಳೆ. ಯಾವಾಗ ಬರ್ತೀನಿ ಅಂತ ಹೇಳಲಾರದೆ ನಾನು ಫೋನ್ ಇಟ್ಟುಬಿಡುತ್ತೇನೆ. ಕಾಗದ ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಸುದ್ದಿ ಕೇಳು. ಕೂತುಕೊಂಡು ಕೇಳು, ತುಂಬಿದ ಬಸುರಿ. ನಿಮ್ಮಪ್ಪ ಐವತ್ತೆಂಟು ಸಾವಿರ ರೂಪಾಯಿ ಕೊಟ್ಟು ಹಾಲು ಕರೆಯುವ ಮಿಷನ್ನು ತಂದಿದ್ದಾರೆ. ಇನ್ನೊಂದು ಸಲ ಓದಿಕೋ. ನಿಮ್ಮಪ್ಪ. ಐವತ್ತೆಂಟು ಸಾವಿರ. ಮೂರು ತಿಂಗಳಾಯಿತು, ನನಗೆ ಇನ್ನೂ ಎದೆ ಧಸಕ್ ಅನ್ನುವುದು ನಿಂತಿಲ್ಲ. ಚಪ್ಪಲಿ ಕಿತ್ತುಹೋದರೆ ಪಿನ್ನು ಚುಚ್ಚಿಕೊಂಡು ಎರಡು ವರ್ಷ ಓಡಾಡುವ ದೊಡ್ಡರಂಗಪ್ಪನವರು. ಮಧುಗಿರಿ ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಬಿಡಲಿಲ್ಲ ಅಂತ ಮುದುಕಿಯರ ಜೊತೆ ಹಟಕ್ಕೆ ನಿಲ್ಲುವವರು. ನಾನು ಮಿಕ್ಸಿ ಕೇಳಿದ ದಿನ, ಒರಳುಕಲ್ಲಿಗೆ ಏನು ಬಂದಿದೆ ರೋಗ ಅಂದಿದ್ದರಲ್ಲ, ನೀನೂ ಅಲ್ಲೇ ಇದ್ದೆ.

ಯುಗಾದಿ ಕಳೆದು ಹದಿನೈದು ದಿನಕ್ಕೆ ಮನೆ ಮುಂದೆ ಗೂಡ್ಸ್ ಆಟೋ ಬಂದು ನಿಂತಿತು. ಬೋರ್‌ವೆಲ್ಲಿಗೆ ಹೊಸ ಮೋಟಾರು ಬಂತು ಅಂದುಕೊಂಡೆ. ಶಿರಾದ ಅಂಗಡಿಯ ನರಸಿಂಹರಾಜು ಅನ್ನುವ ಹುಡುಗ ಇಳಿದು ಕೊಟ್ಟಿಗೆಗೆ ಹೋಗಿ ಪೈಪು, ಕ್ಯಾನು, ರಬ್ಬರ್ ಕಪ್ಪುಗಳನ್ನೆಲ್ಲ ಜೋಡಿಸತೊಡಗಿದ. ನಿಮ್ಮಪ್ಪ ನನ್ನ ಕಡೆ ನೋಡದೆ, ಸಬ್ಸಿಡಿಯಲ್ಲಿ ಬಂತು, ಹತ್ತು ಸಾವಿರ ಬಿತ್ತು ಅಂದರು. ಹತ್ತಕ್ಕೇ ನನಗೆ ತಲೆ ಸುತ್ತಿತ್ತು. ಕಾಫಿ ಕೊಡಲು ಹೋದಾಗ ಆ ಹುಡುಗ, ಜೋಪಾನ ಅಮ್ಮ, ಐವತ್ತೆಂಟು ಸಾವಿರದ ಮಾಲು, ಇಲಿ ಪೈಪು ಕಡಿಯದಂಗೆ ನೋಡ್ಕೊಳ್ಳಿ ಅಂದುಬಿಟ್ಟ. ನನ್ನ ಕೈಲಿದ್ದ ಲೋಟ ನೆಲಕ್ಕೆ ಬಿತ್ತು. ರೇಟು ಕೇಳಿ ಬಿತ್ತು ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವನು ಹೋದಮೇಲೆ ನಗಲಿಲ್ಲ. ನನ್ನ ಬಾಯಿ ನಿನಗೆ ಗೊತ್ತಲ್ಲ. ಮನೆಗೆ ಬಣ್ಣ ಹೊಡೆಸಿ ಎಂಟು ವರ್ಷವಾಯಿತು, ಅದಕ್ಕೆ ದುಡ್ಡಿಲ್ಲ, ಹಸುವಿನ ಕೆಚ್ಚಲಿಗೆ ಹಾಕಲು ಇದೆಯಾ ಅಂದೆ. ನನಗೇನು ಕೈ ಇಲ್ಲವಾ, ಇಪ್ಪತ್ತು ವರ್ಷದಿಂದ ಕರೆದಿದ್ದು ಕಾಲಿನಲ್ಲಾ ಅಂದೆ. ನಿಮ್ಮಪ್ಪ ನನ್ನ ಕೈಯನ್ನು ಒಂದು ಸಲ ನೋಡಿದರು. ಟವೆಲ್ ಕೊಡವಿಕೊಂಡು ಹೊಲದ ಕಡೆ ಹೋದರು.

ಮಿಷನ್ನು ಹಚ್ಚಿದ ಮೊದಲ ಸಂಜೆ ನೋಡಬೇಕಿತ್ತು ನೀನು. ಬೀದಿಯವರೆಲ್ಲ ಕೊಟ್ಟಿಗೆ ಬಾಗಿಲಲ್ಲಿ. ಅದು ಡರ್ರೋ ಅಂದಿದ್ದೇ ತಡ, ರಾಣಿ ಒಂದು ಒದೆ ಕೊಟ್ಟಳು. ಕಪ್ಪು ಒಂದು ಕಡೆ, ನಿಮ್ಮಪ್ಪ ಸಗಣಿಯಲ್ಲಿ. ಹಾಲು ಒಂದು ತೊಟ್ಟೂ ಬಿಡಲಿಲ್ಲ. ಎದುರು ಮನೆ ದಾಸಮ್ಮ, ಐವತ್ತೆಂಟು ಸಾವಿರಕ್ಕೆ ಒಳ್ಳೆ ಸ್ನಾನ ಮಾಡಿಸಿದಳು ಕಣಮ್ಮ ನಿಮ್ಮ ರಾಣಿ ಅಂದಳು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ನೋಡಿದ್ರಾ, ನಾನಿಲ್ಲದೆ ಆಗುತ್ತಾ ಅಂತ ಸೆರಗು ಸಿಕ್ಕಿಸಿ ನಾನೇ ಕರೆದೆ. ಅವತ್ತು ಕರೆಯುವಾಗ ಏನಾಯಿತು ಅನ್ನುವುದನ್ನೂ ಆಮೇಲೆ ಹೇಳುತ್ತೇನೆ.

ಮಾರನೆಯ ಬೆಳಗ್ಗೆ ನಾನು ಎದ್ದು ಕೊಟ್ಟಿಗೆಗೆ ಹೋದರೆ ರಾಣಿಯ ಪಕ್ಕ ಯಾವಳೋ ಹೆಂಗಸು ಕೂತಿದ್ದಾಳೆ! ಮೈಮೇಲೆ ನನ್ನ ಹಳೇ ಹಸಿರು ಸೀರೆ, ತಲೆ ತುಂಬ ಸೆರಗು. ಕೂಗಬೇಕು ಅಂತ ಬಾಯಿ ತೆರೆದೆ, ಅಷ್ಟರಲ್ಲಿ ಅವಳ ಗಂಡಸು ದನಿ ಕೇಳಿಸಿತು.

‘ಬಾರವ್ವ ರಾಣಿ, ನನ್ ಬಂಗಾರ, ಇಳಿಸವ್ವ. ನಿನ್ ಕರಾ ಕುಡಿದಾಯ್ತು, ಇನ್ ಮನೆಯೋರಿಗೆ ಒಂಚೂರು ಕೊಡವ್ವ.’

ನಾನು ದಿನಾ ರಾಣಿಗೆ ಹೇಳುವ ಮಾತು. ಒಂದಕ್ಷರ ಆಚೆ ಈಚೆ ಇಲ್ಲ. ರಾಣಿ ಸೆರಗು ಮೂಸಿದಳು, ಕಿವಿ ಅಲ್ಲಾಡಿಸಿದಳು. ಕೊಳವೆಯಲ್ಲಿ ಬೆಳ್ಳಗೆ ಹಾಲು ಓಡಿತು. ನಾನು ಬಾಗಿಲಲ್ಲೇ ಕುಸಿದು ಕೂತು ನಕ್ಕೆ, ನಗುತ್ತಾ ನಗುತ್ತಾ ಅಳು ಬಂತು. ಕೊಟ್ಟಿಗೆಯಲ್ಲಿ ನಾನು ಏನು ಗೊಣಗುತ್ತೇನೆ ಅಂತ ಈ ಮನುಷ್ಯ ಇಷ್ಟು ವರ್ಷ ಕೇಳಿಸಿಕೊಂಡಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ನನ್ನ ಜೊತೆ ದಿನಕ್ಕೆ ನಾಲ್ಕು ಮಾತು ಆಡದವರು.

ಒಂದು ವಾರ ಸೀರೆ ಉಟ್ಟರು. ಊರೆಲ್ಲ ಸೀರೆ ರಂಗಪ್ಪ ಅಂತ ಆಡಿಕೊಂಡಿತು, ಕೇರ್ ಮಾಡಲಿಲ್ಲ. ಆಮೇಲೆ ಸೀರೆಯೂ ಬೇಡವಾಯಿತು. ರಾಣಿ ಮಿಷನ್ನಿನ ಸದ್ದು ಕೇಳಿದರೆ ತಾನೇ ಬಂದು ನಿಲ್ಲುತ್ತಾಳೆ, ನನ್ನ ಕೈಗೆ ಕೊಡುತ್ತಿದ್ದುದಕ್ಕಿಂತ ಅರ್ಧ ಲೀಟರು ಜಾಸ್ತಿ ಬೇರೆ ಕೊಡುತ್ತಾಳೆ. ನನ್ನ ಹೊಟ್ಟೆ ಉರಿದುಹೋಯಿತು ಹರ್ಷಿ. ಎರಡು ದಿನ ಅವಳಿಗೆ ಹಿಂಡಿಯನ್ನೂ ಇಡಲಿಲ್ಲ ನಾನು. ನಗಬೇಡ.

ನಿನ್ನ ಮುಂದೆ ಇನ್ನು ಮುಚ್ಚಿಡುವುದಿಲ್ಲ. ನನ್ನ ಹೊಟ್ಟೆ ಉರಿದಿದ್ದು ಹಸು ನನ್ನನ್ನು ಬಿಟ್ಟಿತು ಅಂತ ಅಷ್ಟೇ ಅಲ್ಲ. ನಿನಗೆ ಹೇಳಲು ಇದ್ದ ನೆಪ ಹೋಯಿತು ಅಂತ. ನೀನು ಬಾಣಂತನಕ್ಕೆ ಕರೆದಾಗ ರಾಣಿ ಬೇರೆಯವರಿಗೆ ಹಾಲು ಬಿಡಲ್ಲ ಅಂದೆನಲ್ಲ, ಅದು ನಿಜವೇ. ಆದರೆ ನಾನು ಬರಲ್ಲ ಅಂದಿದ್ದು ಅದಕ್ಕಲ್ಲ. ‘ನಿಂಗೆ ಮಗಳಿಗಿಂತ ಹಸುನೇ ಹೆಚ್ಚಾಯ್ತಾ’ ಅಂತ ನೀನು ಅತ್ತುಬಿಟ್ಟೆ. ಅತ್ತೆಯಿಲ್ಲದ ಮನೆ, ಗಂಡನಿಗೆ ತಿರುಮಣಿಯ ಸೋಲಾರ್ ಪ್ಲಾಂಟಿನಲ್ಲಿ ಶಿಫ್ಟು, ಪುಟ್ಟಿಯ ಸ್ಕೂಲು ಬಿಡಿಸಿ ಇಲ್ಲಿಗೆ ಬರುವ ಹಾಗಿಲ್ಲ. ಅಂಥ ಹೊತ್ತಲ್ಲಿ ಹೆತ್ತವಳು ಹಸು ಮುಂದೆ ಮಾಡಿದರೆ ಯಾವ ಮಗಳಿಗೆ ಸಿಟ್ಟು ಬರಲ್ಲ? ಹಸು ಹೆಚ್ಚು ಅಂತಲೇ ನೀನು ತಿಳಿಯಲಿ, ಅದೇ ವಾಸಿ ಅಂದುಕೊಂಡೆ.

ನಿಜ ಹೇಳುತ್ತೇನೆ. ಹೋದ ದೀಪಾವಳಿಯಿಂದ ನನ್ನ ಬಲಗೈ ಜೋಮು ಹಿಡಿಯುತ್ತಿತ್ತು. ಹೆಬ್ಬೆರಳು, ಪಕ್ಕದ ಎರಡು ಬೆರಳು ನನ್ನವೇ ಅಲ್ಲ ಅನ್ನಿಸುತ್ತಿತ್ತು. ಹಿಡಿದಿದ್ದೇನೆ ಅಂದುಕೊಂಡಿರುತ್ತೇನೆ, ವಸ್ತು ಕೆಳಗಿರುತ್ತೆ. ಸಂಕ್ರಾಂತಿಗೆ ಬಂದಾಗ ಪುಟ್ಟಿ ಎತ್ಕೋ ಎತ್ಕೋ ಅಂತ ಕೈ ಚಾಚಿದಳು, ದೊಡ್ಡವಳಾದೆ ನಡಿಯೇ ಅಂದೆ. ನೀನು ಮುಖ ಊದಿಸಿಕೊಂಡೆ. ನೀನು ಫೋನಿನಲ್ಲಿ ಕರೆದ ದಿನ ಬೆಳಗ್ಗೆಯೇ ತುಂಬಿದ ಹಾಲಿನ ಬಕೀಟು ಕೈಯಿಂದ ಜಾರಿ ಕೊಟ್ಟಿಗೆ ತುಂಬ ಹಾಲಾಯಿತು. ಆ ನರಸಿಂಹರಾಜುವಿನ ಕಾಫಿ ಲೋಟವೂ ರೇಟು ಕೇಳಿ ಬಿದ್ದಿದ್ದಲ್ಲ. ಅವತ್ತು ಸಂಜೆ ನಾನು ಗರ್ವದಿಂದ ರಾಣಿಯ ಕೆಳಗೆ ಕೂತೆನಲ್ಲ, ಅರ್ಧಕ್ಕೇ ಬೆರಳು ಸತ್ತುಹೋಗಿ ಎಡಗೈಯಲ್ಲೇ ಮುಗಿಸಿದೆ.

ಬಾಣಂತನ ಅಂದರೆ ಅಡುಗೆ ಅಲ್ಲ, ಮೆಣಸಿನ ಸಾರಲ್ಲ. ಕೂಸಿಗೆ ಎರೆಯುವುದು. ನಮ್ಮ ಬೀದಿಯ ಅರ್ಧ ಮಕ್ಕಳು ನನ್ನ ಕಾಲ ಮೇಲೆ ಮಲಗಿ ಬಿಸಿನೀರು ಹುಯ್ಯಿಸಿಕೊಂಡವರು, ಪುಟ್ಟಿಯೂ ಸೇರಿ. ಒಂದಾದರೂ ಜಾರಲಿಲ್ಲ. ಹಸಿ ಕೂಸು, ಮೈತುಂಬ ಹರಳೆಣ್ಣೆ, ಅದನ್ನು ಮಗುಚಿ ಬೆನ್ನಿಗೆ ನೀರು ಹಾಕುವಾಗ ಬಕೀಟು ಜಾರಿದ ಹಾಗೆ ಜಾರಿದರೆ? ಈ ಯೋಚನೆ ಬಂದ ದಿನ ನಾನು ಅನ್ನ ಮುಟ್ಟಲಿಲ್ಲ. ಕೈ ಬರಲ್ಲ ಅಂತ ಹೇಳಿದ್ದರೆ ನೀನು ಸುಮ್ಮನೆ ಬಂದಿರಮ್ಮ ಸಾಕು ಅನ್ನುತ್ತಿದ್ದೆ. ಮೊಮ್ಮಗು ಮುಟ್ಟಲಾರದೆ ಮೂಲೆಯಲ್ಲಿ ಕೂತಿರುವ ಅಜ್ಜಿಯಾಗಲು ನನಗೆ ಆಗುತ್ತಿರಲಿಲ್ಲ. ಹೆದರಿದ್ದೆ ಕಣೆ. ಇಷ್ಟೇ.

ಮೇ ತಿಂಗಳಲ್ಲಿ ನಿಮ್ಮಪ್ಪ, ಮಧುಗಿರಿಗೆ ನಡಿ, ಡಾಕ್ಟರಿಗೆ ತೋರಿಸಬೇಕು ಅಂದರು. ಯಾರಿಗೆ ಅಂದೆ. ನಿಂಗೆ ಅಂದರು. ಡಾಕ್ಟರು ಮಣಿಕಟ್ಟನ್ನು ಒತ್ತಿ, ಬಗ್ಗಿಸಿ ನೋಡಿ, ನರ ಒತ್ತಿಕೊಂಡಿದೆ, ಹಾಲು ಕರೆಯುವ ಹೆಂಗಸರಿಗೆ ಬರುತ್ತೆ, ಮೊದಲು ಕರೆಯೋದು ನಿಲ್ಲಿಸಬೇಕು ಅಂದರು. ನಾನು ಬಾಯಿ ಬಿಡುವುದರೊಳಗೆ ನಿಮ್ಮಪ್ಪ ಅಂದರು.

‘ನಿಲ್ಸಿ ಆಗ್ಲೇ ಒಂದ್ ತಿಂಗ್ಳಾಯ್ತು ಸ್ವಾಮಿ. ಅದ್ಕೇ ಮಿಷನ್ ತಂದಿದ್ದು.’

ಬೆಲೆ ಕೇಳಿದಾಗಲೂ ನನಗೆ ಹಾಗಾಗಿರಲಿಲ್ಲ. ಡಾಕ್ಟರನ್ನು ಬಿಟ್ಟು ನಿಮ್ಮಪ್ಪನನ್ನೇ ನೋಡುತ್ತಾ ಕೂತೆ. ಬಸ್ಸಿನಲ್ಲಿ ಕೂತಮೇಲೆ ಕೇಳಿದೆ, ನಾನು ಯಾರಿಗೂ ಹೇಳಿರಲಿಲ್ಲವಲ್ಲ, ನಿಮಗೆ ಹೇಗೆ ಗೊತ್ತು ಅಂತ. ಕಿಟಕಿಯಾಚೆ ಬೆಟ್ಟ ನೋಡುತ್ತಾ ಹೇಳಿದರು.

‘ಮುದ್ದೆ ಕಣೆ. ದೀಪಾವಳಿಯಿಂದ ಒಂದ್ ದಿನಾನೂ ದುಂಡುಗಿಲ್ಲ. ಸೊಟ್ಟ ಮುದ್ದೆ ಉಣ್ತಾ ಇವ್ನಿ, ಗೊತ್ತಾಗಲ್ವಾ?’

ಮೂವತ್ತು ವರ್ಷ ಈ ಮನುಷ್ಯನಿಗೆ ಮುದ್ದೆ ತಿರುವಿ ಹಾಕಿದ್ದೇನೆ. ಚೆನ್ನಾಗಿದೆ ಅಂದವರಲ್ಲ, ಚೆನ್ನಾಗಿಲ್ಲ ಅಂದವರೂ ಅಲ್ಲ. ಅವತ್ತು ಬಕೀಟು ಬಿದ್ದಾಗಲೂ ನೋಡಿದ್ದರಂತೆ. ಎದುರಿಗೆ ಬಂದರೆ ನನಗೆ ಅವಮಾನ ಆಗುತ್ತೆ ಅಂತ ಗೋಡೆಯ ಹಿಂದೆಯೇ ನಿಂತಿದ್ದರಂತೆ. ಹೇಳಬಾರದಿತ್ತಾ ಅಂದೆ. ಹೇಳಿದರೆ ನೀನು ಕರೆಯೋದು ಬಿಡ್ತಿದ್ದೆಯಾ ಅಂದರು. ಅದೂ ನಿಜವೇ. ದುಡ್ಡು ಎಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ, ನೀನೂ ಕೇಳಬೇಡ. ಕೊಳ್ಳಬೇಕು ಅಂತ ದುಡ್ಡು ಕೂಡಿಡುತ್ತಿದ್ದ ಟಿವಿಎಸ್ ಗಾಡಿಯ ಮಾತನ್ನು ಎತ್ತದೆ ಶಿರಾಕ್ಕೂ ಮಧುಗಿರಿಗೂ ಬಸ್ಸಿನಲ್ಲೇ ಹೋಗಿಬರುತ್ತಿದ್ದಾರೆ, ಅಷ್ಟು ಸಾಕು.

ಮೂರು ತಿಂಗಳಿಂದ ನಾನು ಕೆಚ್ಚಲು ಮುಟ್ಟಿಲ್ಲ. ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಮಲಗುತ್ತೇನೆ. ಹೋದ ತಿಂಗಳು ಒಂದು ಬೆಳಗ್ಗೆ ಬಿಸಿಲು ಮುಖದ ಮೇಲೆ ಬಿದ್ದಮೇಲೆ ಎಚ್ಚರವಾಯಿತು. ಹಾಲು ಡೇರಿಗೆ ಹೋಗಿತ್ತು, ಕೊಟ್ಟಿಗೆ ಗುಡಿಸಿತ್ತು. ಎದ್ದು ಕೂದಲು ಕಟ್ಟಿಕೊಂಡೆ. ಕಟ್ಟಿದ ಮೇಲೆ ಗೊತ್ತಾಯಿತು, ಬೆರಳಿಗೆ ಕೂದಲು ತಾಗಿದ್ದು ನನಗೆ ತಿಳಿಯಿತು ಅಂತ. ಹಾಸಿಗೆಯ ಮೇಲೆ ಕೂತು ಗಂಟು ಬಿಚ್ಚುವುದು, ಕಟ್ಟುವುದು. ನಿಮ್ಮಪ್ಪ ನೋಡಿ, ಇವಳಿಗೇನೋ ಆಯ್ತು ಅಂದುಕೊಂಡರು. ಹೆಬ್ಬೆರಳ ತುದಿಯಲ್ಲಿ ಇನ್ನೂ ಚೂರು ಜೋಮಿದೆ, ಅದು ಬಿಟ್ಟರೆ ಕೈ ಬಂದಿದೆ ಹರ್ಷಿ. ಐವತ್ತೆಂಟು ಸಾವಿರಕ್ಕೆ ನಾನು ಅಷ್ಟು ಬೈದೆನಲ್ಲ, ಆ ಬೈಗುಳವನ್ನೆಲ್ಲ ವಾಪಸ್ ನುಂಗಿದ್ದೇನೆ.

ಇನ್ನೊಂದು ಕಾರಣ ಇದೆ ಅಂದೆನಲ್ಲ. ಈ ಕಾಗದ ನಾನೇ ಬರೆದಿದ್ದು, ಬಲಗೈಯಲ್ಲಿ, ಪೂರ್ತಿ. ಮಾರ್ಚಿನಲ್ಲಿ ಡೇರಿಯ ರಿಜಿಸ್ಟರಿಗೆ ಸೈನು ಹಾಕಲೂ ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿ ಬಂದಿದ್ದೆ. ಅಕ್ಷರ ನೋಡಿಕೋ. ಫೋನಿನಲ್ಲಿ ಕೈ ಸರಿ ಇದೆ ಅಂದರೆ ನೀನು ನಂಬುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದೇನೆ. ಹರಳೆಣ್ಣೆ, ಬಾಣಂತಿ ಖಾರ, ಹಳೇ ಸೀರೆ ಹರಿದ ಬಟ್ಟೆ ಎಲ್ಲ ಕಟ್ಟಿ ಇಟ್ಟಿದ್ದೇನೆ. ಮೂರು ತಿಂಗಳು ಇರುತ್ತೇನೆ. ನಿಮ್ಮಪ್ಪ ಮುದ್ದೆ ತಾವೇ ತಿರುವಿಕೊಳ್ಳುತ್ತಾರಂತೆ, ಸೊಟ್ಟಗಿದ್ದರೂ ಅಭ್ಯಾಸ ಇದೆಯಂತೆ. ನಿನಗೆ ಇನ್ನೂ ಸಿಟ್ಟಿದ್ದರೆ ಇರಲಿ, ಸಿಟ್ಟಿನಲ್ಲೇ ಬಾಗಿಲು ತೆಗಿ. ಪುಟ್ಟಿಗೆ ಮಾತ್ರ ಮೊದಲೇ ಹೇಳಿಡು, ಅಮ್ಮಮ್ಮ ಎತ್ಕೋತಾಳೆ ಅಂತ.

ನಿನ್ನನ್ನು ಕಾಲ ಮೇಲೆ ಹಾಕಿಕೊಂಡು ಎರೆದವಳು,
ರಾಜಲಕ್ಷ್ಮಮ್ಮ

ಮರೆತಿದ್ದೆ: ಕೂಸನ್ನು ಹಿಡಿಯುವಷ್ಟು ಕೈ ಗಟ್ಟಿಯಾಗಿದೆಯಾ ಅಂತ ನಿನಗೆ ಅನುಮಾನ ಇದ್ದೇ ಇರುತ್ತೆ. ನನಗೂ ಇತ್ತು. ಅದಕ್ಕೇ ಒಂದು ತಿಂಗಳಿಂದ ದಿನಾ ಬಚ್ಚಲ ಬಾಗಿಲು ಹಾಕಿಕೊಂಡು, ಕಾಲು ಚಾಚಿ ಕೂತು, ಒಂದು ಸಿಹಿಗುಂಬಳಕ್ಕೆ ಹರಳೆಣ್ಣೆ ಹಚ್ಚಿ ಎರೆಯುತ್ತಿದ್ದೇನೆ. ಮೊದಲ ಎರಡು ಜಾರಿ ಒಡೆದವು, ಪಲ್ಯ ಮಾಡಿದೆ. ಮೂರನೆಯದು ಜಾರಲೇ ಇಲ್ಲ. ಹೋದ ವಾರ ಅಗುಳಿ ಸರಿಯಾಗಿ ಬಿದ್ದಿರಲಿಲ್ಲ, ನಿಮ್ಮಪ್ಪ ಬಾಗಿಲು ತಳ್ಳಿದರು. ನಾನು ಕುಂಬಳಕಾಯಿ ಬೆನ್ನಿಗೆ ನೀರು ಹಾಕುತ್ತಾ ‘ಅಳಬ್ಯಾಡ ಕಂದ’ ಅನ್ನುತ್ತಿದ್ದೆ. ಬಾಗಿಲು ಎಳೆದುಕೊಂಡು ಹೋದರು. ಮಾರನೆಯ ದಿನ ಮಧುಗಿರಿ ಸಂತೆಯಿಂದ ಅದಕ್ಕಿಂತ ದೊಡ್ಡ ಕುಂಬಳಕಾಯಿ ತಂದು ಬಚ್ಚಲ ಮುಂದೆ ಇಟ್ಟರು. ‘ಕೂಸು ಒಂದೇ ತೂಕ ಇರ್ತದೇನೆ? ಬೆಳೀತದೆ’ ಅಂದರು. ಎಷ್ಟಕ್ಕೆ ತಂದಿರಿ ಅಂದೆ. ಆ ಮುದುಕಿ ಕೇಳಿದಷ್ಟು ಕೊಟ್ಟೆ ಅಂದರು.