ಹನ್ನೊಂದನೇ ಕಾಲಂ

ಪ್ರೀತಿಯ ಚಿಕ್ಕಪ್ಪ,

ಇಷ್ಟು ಹೊತ್ತಿಗೆ ಸಮನ್ಸ್ ನಿಮ್ಮ ಕೈ ಸೇರಿರುತ್ತದೆ. ಜಾಮೀನು ಪತ್ರದ ಆ ಕಾಲಂ ತುಂಬಿದ್ದು ನೀವೇ ಎಂದಿರುವುದನ್ನು ಓದಿ, "ಇದು ನನ್ನ ಅಕ್ಷರ ಅಲ್ಲವೇ ಅಲ್ಲ!" ಎಂದು ಕೂಗಾಡಿರುತ್ತೀರಿ. ಅಲ್ಲ ಎಂದು ನನಗೂ ಗೊತ್ತು. ನಾನೇ ಬರೆದದ್ದು.

ನಿಮ್ಮ ಲಾಂಡ್ರಿಗೆ ಹೊರದೇಶದ ಕಂಪನಿಯಿಂದ ಸಾಲದ ಮೇಲೆ ಮೆಷಿನ್ ತರಿಸುವಾಗ ಅಪ್ಪ ಜಾಮೀನು ನಿಂತರಲ್ಲ, ಆ ಮಧ್ಯಾಹ್ನ ನೀವು ಅಪ್ಪನ ಪುಸ್ತಕ ಬೈಂಡಿಂಗ್ ಅಂಗಡಿಯ ಹೊರಗೆ ಫೋನಿನಲ್ಲಿದ್ದಿರಿ. ಬೈಂಡಿಂಗ್ ಮೇಜಿನ ಮೇಲೆ, ಅಂಟಿನ ಡಬ್ಬಿ ಸರಿಸಿ, ಅಪ್ಪ ಜಾಮೀನು ಪತ್ರ ಹರಡಿದರು. "ಇಂಗ್ಲಿಷ್ ಬರೋದು ನಿಂಗೇ, ನೀನೇ ತುಂಬಮ್ಮ." ಹತ್ತನೇ ಕಾಲಂನಲ್ಲಿ ನಿಮ್ಮ ಖರೀದಿಗೆ ಯಾವ ದೇಶದ ಕಾನೂನು ಎಂದಿತ್ತು, ಕಂಪನಿಯವರು ತಮ್ಮ ದೇಶದ ಹೆಸರನ್ನು ಅಚ್ಚು ಹಾಕಿಸಿದ್ದರು. ಹನ್ನೊಂದನೆಯದು, ಜಾಮೀನಿಗೆ ಯಾವ ದೇಶದ್ದು? ಅದು ಖಾಲಿ. ಹಾಸ್ಟೆಲ್‌ನಲ್ಲಿ ಏಳು ವರ್ಷ ಖಾಯಂ ವಿಳಾಸದ ಎದುರು ಬರೆದದ್ದನ್ನೇ ಅಲ್ಲೂ ಬರೆದೆ: ಸೇಮ್ ಆಸ್ ಅಬವ್, ಅಂದರೆ ಮೇಲಿನ ಕಾಲಂನ ದೇಶದ್ದೇ. ಅಪ್ಪ ಓದದೆ ಸಹಿ ಹಾಕಿದರು.

ಲಾ ಕಾಲೇಜಿಗೆ ಸೇರಿದ ಮೇಲೆ ಸೀನಿಯರ್ ಒಬ್ಬಳ ಪುಸ್ತಕದಲ್ಲಿ ಓದಿದಾಗ ನಾನು ಮಾಡಿದ ಎಡವಟ್ಟು ತಿಳಿಯಿತು. ಜಾಮೀನು ತಾನೇ ಒಂದು ಬೇರೆ ಒಪ್ಪಂದವಂತೆ. ಆ ಕಾಲಂ ಖಾಲಿ ಬಿಟ್ಟಿದ್ದರೆ ಜಾಮೀನುದಾರ ಇರುವ ದೇಶದ, ಅಂದರೆ ನಮ್ಮ ಕಾನೂನೇ ನಡೆಯುತ್ತಿತ್ತು. ನಮ್ಮಲ್ಲಿ ಮೊದಲು ಸಾಲಗಾರನನ್ನು ಹಿಡಿಯಬೇಕು, ಅವನಲ್ಲಿ ಏನೂ ಗಿಟ್ಟದಿದ್ದರೆ ಮಾತ್ರ ಜಾಮೀನುದಾರನ ಬಾಗಿಲು. ಅವರಲ್ಲಿ ಎತ್ತಿಗೆ ಜ್ವರ ಬಂದರೆ ನೇರವಾಗಿ ಎಮ್ಮೆಗೇ ಬರೆ. ನಿಮ್ಮ ಲಾಂಡ್ರಿ ಮುಚ್ಚಿತು, ಕಂಪನಿಯವರು ಅಪ್ಪನ ಅಂಗಡಿಗೆ ಬಂದರು.

ಅಪ್ಪ ಹಿಡಿದ ವಕೀಲರು ಪತ್ರ ತಿರುಗಿಸಿ ನೋಡಿದರು. "ಸಹಿ ಆದ್ಮೇಲೆ ಬೇರೆ ಯಾರಾದ್ರೂ ಇದನ್ನ ತುಂಬಿದ್ರೆ ಮಾತ್ರ ನೀವು ಬಚಾವ್. ಆಗ ಅದು ಖಾಲಿ ಇದ್ದ ಹಾಗೇನೇ. ಯಾರ ಅಕ್ಷರ?" ಅಪ್ಪ ಕನ್ನಡಕ ಹಾಕಿದರು, ತೆಗೆದರು, ಒರೆಸಿ ಮತ್ತೆ ಹಾಕಿದರು. ನನ್ನ ಕೈಹಿಡಿದು ಅಕ್ಷರ ತಿದ್ದಿಸಿದವರು ಅವರು. "ನನ್ನ ತಮ್ಮಂದು," ಎಂದರು. ನನ್ನ ಕಡೆ ತಿರುಗಲಿಲ್ಲ. "ನಿಂಗೂ ಗುರುತು ಸಿಗುತ್ತೇನಮ್ಮ?" ಎಂದು ವಕೀಲರು ಕೇಳಿದರು. ನನ್ನ ಬಾಯಿ ತಡವರಿಸಲಿಲ್ಲ. "ಹೂಂ, ಚಿಕ್ಕಪ್ಪಂದೇ."

ಅಪ್ಪನಿಗೆ ಪುರುಸೊತ್ತಿಲ್ಲದ ಭಾನುವಾರಗಳಲ್ಲಿ ಹಾಸ್ಟೆಲ್ ಗೇಟಿಗೆ ಬರುತ್ತಿದ್ದವರು ನೀವೊಬ್ಬರೇ. "ಏನಮ್ಮ ಲಾಯರಮ್ಮ, ಇವತ್ತು ಯಾರ ಮೇಲೆ ಕೇಸು?" ಎನ್ನುತ್ತಿದ್ದಿರಿ. ಈಗ ಕಂಪನಿಯವರು ಮೊದಲು ನಿಮ್ಮ ಆ ಎರಡು ಕೋಣೆಯ ಮನೆಗೆ ಬರುತ್ತಾರೆ. ಬರಲಿ. ಸಾಲ ನಿಮ್ಮದು.

ಇನ್ನು ನೀವು ನನ್ನ ಕೈಬರಹದ ಮಾದರಿ ಹುಡುಕುತ್ತೀರಿ. ಹೋದ ವಾರ ನೀವು ಕೆಲಸಕ್ಕೆ ಹೋದಾಗ ಮನೆಗೆ ಬಂದಿದ್ದೆ. ಚಿಕ್ಕಮ್ಮ ಪಾಪ, "ನೀನಾದ್ರೂ ಬಂದ್ಯಲ್ಲ ಕಂದ" ಎಂದು ಅತ್ತು, ಟೀ ಮಾಡಲು ಒಳಗೆ ಹೋದರು. ಹಾಸ್ಟೆಲ್‌ನಿಂದ ನಾನು ಬರೆದ ಕಾಗದಗಳನ್ನೆಲ್ಲ ನೀವು ಬೀರುವಿನಲ್ಲಿ ಕಟ್ಟಿ ಇಟ್ಟಿದ್ದಿರಿ. ಒಂದನ್ನೂ ಬಿಡದೆ ತಂದೆ. ಟೀ ಕುಡಿದೇ ಬಂದೆ.

ಈ ಕಾಗದವನ್ನು ಕಾಲೇಜಿನ ಪಕ್ಕದ ಅಂಗಡಿಗೆ ಕೊಡದೆ ನಾನೇ ಟೈಪ್ ಮಾಡಿದ್ದೇನೆ. ಯಾರಿಗೆ ತೋರಿಸಿದರೂ ನಾನು ಬರೆದದ್ದಲ್ಲ ಎನ್ನುತ್ತೇನೆ, ಅಪ್ಪನೂ ಹೌದೆನ್ನುತ್ತಾರೆ.

ನಿಮಗೆ ಒಳ್ಳೆಯದಾಗಲಿ ಚಿಕ್ಕಪ್ಪ, ಅಪ್ಪನ ಅಂಗಡಿ ಉಳಿದ ಮೇಲೆ.

ಸಹಿ ಹಾಕದ,
ನಿಮ್ಮ ಲಾಯರಮ್ಮ